ಬೆಳಕಿಲ್ಲದೆ ಹಸುರಿಲ್ಲ

ಮಕ್ಕಳೇ, 1972ರಲ್ಲಿ ಅಮೆರಿಕದಲ್ಲಿ ‘ಸೈಲೆಂಟ್ ರನ್ನಿಂಗ್’ ಎಂಬ ವೈಜ್ಞಾನಿಕ ಕಥಾಚಿತ್ರ ಬಂದಿತು. ನಿರ್ದೇಶಕರು ಡಗ್ಲಾಸ್ ಟ್ರಂಬುಲ್. ಕಥೆಯಲ್ಲಿ ಭೂಮಿಯ ಗಿಡಮರಗಳೆಲ್ಲ ಅಳಿದಿವೆ. ಉಳಿದ ಕಾಡುಗಳನ್ನು ಆಕಾಶನೌಕೆಗಳ ಗುಮ್ಮಟಗಳಲ್ಲಿ ಕಾಪಾಡಲಾಗುತ್ತಿದೆ. ನೌಕೆಯೊಂದು ಶನಿಗ್ರಹವನ್ನು ದಾಟಿ ಹೋದಾಗ ಅದರೊಳಗಿನ ಗಿಡಗಳು ಬಾಡತೊಡಗುತ್ತವೆ. ಕಾರಣವೇನು? ನಾಯಕನು ಸಸ್ಯಶಾಸ್ತ್ರಜ್ಞ, ಆದರೂ ಅವನಿಗೆ ಬೇಗನೆ ಹೊಳೆಯುವುದಿಲ್ಲ. ಕೊರತೆಯಾದದ್ದು ಸೂರ್ಯನ ಬೆಳಕು! ಶನಿಯ ಬಳಿ ಬಿಸಿಲು ನಮ್ಮಲ್ಲಿರುವುದರ ಸುಮಾರು 90ರಲ್ಲಿ 1 ಪಾಲು ಮಾತ್ರ. ಕೊನೆಗೆ ಅವನು ದೀಪಗಳನ್ನು ಜೋಡಿಸುತ್ತಾನೆ.

ಹಸುರೆಲೆಯು ಬೆಳಕಿನ ಬಲದಿಂದ ನೀರು ಮತ್ತು ಇಂಗಾಲದ ಡೈಆಕ್ಸೈಡನ್ನು ಆಹಾರವಾಗಿ ಮಾರ್ಪಡಿಸುತ್ತದೆ. ಇದೇ ದ್ಯುತಿಸಂಶ್ಲೇಷಣೆ. 2015ರಲ್ಲಿ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ಯಾತ್ರಿಗಳು ದೀಪದ ಬೆಳಕಿನಲ್ಲಿ ಅಲ್ಲಿಯೇ ಬೆಳೆದ ಲೆಟಿಸ್ ಸೊಪ್ಪನ್ನು ತಿಂದರು. ಕಥೆಯ ಉಪಾಯ ನಿಜವಾಯಿತು.

ನಿಮ್ಮ ಮನೆಯ ಕುಂಡದ ಗಿಡ ಬಾಡಿದರೆ ನೀರನ್ನಷ್ಟೇ ಅಲ್ಲ, ಬಿಸಿಲನ್ನೂ ನೋಡಿರಿ.