ನಕ್ಷೆಯಲ್ಲಿ ಬರೆಯದ ಇಂಡಕ್ಟರ್

ವಿದ್ಯುತ್ ಜಾಲಕ್ಕೆ ಜೋಡಿಸುವ ಇನ್‌ವರ್ಟರ್‌ಗಳ ಮೇಲೆ ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತ ತಡವಾಗಿ ಕಲಿತದ್ದನ್ನು, ಹೊಸದಾಗಿ ಪಿಎಚ್.ಡಿ.ಗೆ ಸೇರುವವರಿಗಾಗಿ ಬರೆಯುತ್ತಿದ್ದೇನೆ.

1. ವೈರು ಬರಿಯ ಗೆರೆಯಲ್ಲ.
ಮೊದಲ ಇನ್‌ವರ್ಟರಿನಲ್ಲಿ ಕೆಪಾಸಿಟರಿನಿಂದ ಐಜಿಬಿಟಿ ಮಾಡ್ಯೂಲಿಗೆ ಉದ್ದನೆಯ ವೈರು ಎಳೆದಿದ್ದೆ. ಕಡಿಮೆ ವೋಲ್ಟೇಜಿನಲ್ಲಿ ಎಲ್ಲವೂ ಸರಿಯಾಗಿತ್ತು. ಡಿಸಿ ಬಸ್ಸನ್ನು 800 ವೋಲ್ಟಿಗೆ ಏರಿಸಿದಾಗ ಮಾಡ್ಯೂಲ್ ಸಿಡಿಯಿತು. ಗೇಟ್ ಡ್ರೈವರನ್ನೂ ಸಾಫ್ಟ್‌ವೇರನ್ನೂ ಶಂಕಿಸುತ್ತ ಬಹಳ ಕಾಲ ಕಳೆದೆ. ಲೆಕ್ಕ ಸರಳವಾಗಿತ್ತು: 100 ನ್ಯಾನೋಹೆನ್ರಿ ದಾರಿಯಲ್ಲಿ ಕರೆಂಟ್ ಮೈಕ್ರೋಸೆಕೆಂಡಿಗೆ 5000 ಆಂಪಿಯರ್ ವೇಗದಲ್ಲಿ ಇಳಿದರೆ 500 ವೋಲ್ಟ್ ಹೆಚ್ಚುವರಿಯಾಗಿ ಹುಟ್ಟುತ್ತದೆ. ಒಟ್ಟು 1300, ಮಾಡ್ಯೂಲಿನ ತಾಳಿಕೆ 1200. ಈಗ ಎರಡು ತಾಮ್ರದ ತಗಡುಗಳ ನಡುವೆ ತೆಳು ಇನ್ಸುಲೇಶನ್ ಇಟ್ಟು ಬಸ್‌ಬಾರ್ ಮಾಡುತ್ತೇವೆ. ಡಬಲ್ ಪಲ್ಸ್ ಪರೀಕ್ಷೆಯಲ್ಲಿ ವೋಲ್ಟೇಜನ್ನು ಹಂತಹಂತವಾಗಿ ಏರಿಸುತ್ತ, ಪ್ರತಿ ಹಂತದಲ್ಲೂ ಆ ಜಿಗಿತವನ್ನು ಅಳೆದೇ ಮುಂದೆ ಹೋಗುತ್ತೇವೆ.

2. ಸ್ವಿಚ್ ಆರಿಸಿದ ಮೇಲೂ ಮುಟ್ಟಬೇಡಿ.
2000 ಮೈಕ್ರೋಫ್ಯಾರಡ್ ಕೆಪಾಸಿಟರ್ 800 ವೋಲ್ಟಿನಲ್ಲಿ 640 ಜೂಲ್ ಹಿಡಿದಿರುತ್ತದೆ. ಬ್ಲೀಡರ್ ರೆಸಿಸ್ಟರನ್ನು ನಂಬದೆ ಮೀಟರ್ ಇಟ್ಟು ನೋಡಿ.

3. ಜಾಲವೂ ಅಲುಗುತ್ತದೆ.
ಪ್ರಯೋಗಾಲಯದ ಪಕ್ಕದಲ್ಲೇ ಟ್ರಾನ್ಸ್‌ಫಾರ್ಮರ್ ಇತ್ತು. ಅಂಥ ಗಟ್ಟಿ ಜಾಲದಲ್ಲಿ ನನ್ನ ಫೇಸ್ ಲಾಕ್ಡ್ ಲೂಪ್ ಚೆನ್ನಾಗಿ ನಡೆಯಿತೆಂದು, ಎಲ್ಲ ಕಡೆಯೂ ನಡೆಯುತ್ತದೆಂದೇ ಬರೆದುಬಿಟ್ಟೆ. ಉದ್ದನೆಯ ಫೀಡರನ್ನು ಅನುಕರಿಸಲು ನಡುವೆ ದೊಡ್ಡ ಇಂಡಕ್ಟರ್ ಸೇರಿಸಿದಾಗ ಕರೆಂಟ್ ಓಲಾಡತೊಡಗಿತು. ಇನ್‌ವರ್ಟರ್ ಕಳಿಸಿದ ಕರೆಂಟೇ ಅದು ಅಳೆಯುವ ವೋಲ್ಟೇಜನ್ನು ಬದಲಿಸುತ್ತಿತ್ತು, ಲೂಪ್ ಅದರ ಬೆನ್ನುಹತ್ತುತ್ತಿತ್ತು. ಲೂಪನ್ನು ನಿಧಾನಗೊಳಿಸಿದೆ, ಓಲಾಟ ನಿಂತಿತು, ಆದರೆ ದೋಷ ಬಂದಾಗ ಚೇತರಿಕೆಯೂ ತಡವಾಯಿತು.

ಇದು ಪ್ರಯೋಗಾಲಯದ ಚಿಂತೆ ಮಾತ್ರವಲ್ಲ. ಆವರ್ತನ ಕುಸಿಯುವಾಗ ಶರಾವತಿಯ ಭಾರಿ ರೋಟರ್‌ಗಳು ತಮ್ಮ ಚಲನಶಕ್ತಿ ಕೊಟ್ಟು ಜಾಲವನ್ನು ಹಿಡಿಯುತ್ತವೆ. ಪಾವಗಡದ 2050 ಮೆಗಾವ್ಯಾಟ್ ಸೌರ ಪಾರ್ಕಿನ ಫಲಕಗಳಲ್ಲಿ ತಿರುಗುವ ಭಾರವೇ ಇಲ್ಲ. ಇರುವ ವೋಲ್ಟೇಜನ್ನು ಹಿಂಬಾಲಿಸದೆ ತಾವೇ ವೋಲ್ಟೇಜ್ ಕಟ್ಟಿಕೊಡುವ ಗ್ರಿಡ್ ಫಾರ್ಮಿಂಗ್ ಇನ್‌ವರ್ಟರ್‌ಗಳ ಮೇಲೆ ನಮ್ಮ ವಿಶ್ವವಿದ್ಯಾಲಯಗಳು ಹೆಚ್ಚು ಶ್ರಮ ಹಾಕಬೇಕೆಂದು ನಾನು ಹೇಳುವುದು ಇದಕ್ಕೇ.

4. ಸೆಟ್ಟಿಂಗ್ ಕೂಡ ಮಾದರಿಯ ಭಾಗ.
2016ರ ಸೆಪ್ಟೆಂಬರ್ 28ರಂದು ಆಸ್ಟ್ರೇಲಿಯಾದ ಸೌತ್ ಆಸ್ಟ್ರೇಲಿಯಾ ರಾಜ್ಯ ಪೂರ್ತಿ ಕತ್ತಲಾಯಿತು. ಬಿರುಗಾಳಿಗೆ ಲೈನ್‌ಗಳು ಬಿದ್ದು ವೋಲ್ಟೇಜ್ ಮೇಲಿಂದ ಮೇಲೆ ಕುಸಿಯಿತು. ಅಲ್ಪಾವಧಿಯಲ್ಲಿ ಕುಸಿತಗಳ ಸಂಖ್ಯೆ ಮಿತಿ ಮೀರಿದರೆ ಉತ್ಪಾದನೆ ತಗ್ಗಿಸುವ ಸೆಟ್ಟಿಂಗ್ ಹಲವು ಪವನ ವಿದ್ಯುತ್ ಸ್ಥಾವರಗಳಲ್ಲಿತ್ತು. ಜಾಲ ನಡೆಸುವವರಿಗೆ ಅದು ತಿಳಿದಿರಲಿಲ್ಲ. ಸೆಕೆಂಡುಗಳಲ್ಲಿ 456 ಮೆಗಾವ್ಯಾಟ್ ಕೈಬಿಟ್ಟಿತು, ವಿಕ್ಟೋರಿಯಾದ ಕೊಂಡಿ ಹೊರೆ ತಾಳದೆ ಕಳಚಿತು. ಅದರ ವರದಿ ಓದುವವರೆಗೆ ನಾನು ಒಂದೇ ಕುಸಿತ ಕೊಟ್ಟು ಪರೀಕ್ಷೆ ಮುಗಿಸುತ್ತಿದ್ದೆ. ಈಗ ಒಂದರ ಹಿಂದೊಂದು ಕೊಡುತ್ತೇವೆ. ಟ್ರಿಪ್ ಮಿತಿ, ಕಾಯುವ ಸಮಯ, ಎಣಿಕೆ ಮತ್ತೆ ಸೊನ್ನೆಗೆ ಮರಳುವ ಷರತ್ತು, ಇಷ್ಟನ್ನೂ ವಿದ್ಯಾರ್ಥಿಗಳು ಪ್ರಬಂಧದ ಅನುಬಂಧದಲ್ಲಿ ಬರೆಯುತ್ತಾರೆ.