ಬ್ಯಾಟರಿ ಒಂದು, ದೇಶ ಹಲವು



ವಿದ್ಯುತ್ ಸ್ಕೂಟರ್ ಸದ್ದಿಲ್ಲದೆ ಹೋಗೋದನ್ನು ನೋಡಿದ್ದೀರಲ್ಲ? ಅದರ ಹೊಟ್ಟೆಯೊಳಗೆ ಲಿಥಿಯಂ ಅಯಾನ್ ಬ್ಯಾಟರಿ ಇರುತ್ತದೆ. ಇದು ಒಂದೇ ದೇಶ ಮಾಡಿದ್ದಲ್ಲ.

ಕೆಲಸ ಮಾಡುವ ಬಗೆ: ಚಾರ್ಜ್ ಮಾಡುವಾಗ ಲಿಥಿಯಂ ಅಯಾನುಗಳು ಧನ ಧ್ರುವದಿಂದ ಋಣ ಧ್ರುವಕ್ಕೆ ಹೋಗಿ ಕೂರುತ್ತವೆ. ಗಾಡಿ ಓಡುವಾಗ ವಾಪಸ್ ಬರುತ್ತವೆ. ಆಗ ಹೊರಗಿನ ತಂತಿಯಲ್ಲಿ ವಿದ್ಯುತ್ ಹರಿದು ಮೋಟಾರು ತಿರುಗುತ್ತದೆ.

ಮಾಡಿದವರು: 1970ರ ದಶಕದಲ್ಲಿ, ಬ್ರಿಟನ್ನಿನಲ್ಲಿ ಹುಟ್ಟಿದ ವಿಟಿಂಗ್‌ಹ್ಯಾಮ್ ಅಮೆರಿಕದಲ್ಲಿ ಶುರು ಮಾಡಿದರು. 1980ರಲ್ಲಿ ಅಮೆರಿಕದ ಗುಡ್‌ಇನಫ್ ಇಂಗ್ಲೆಂಡಿನಲ್ಲಿದ್ದಾಗ ಕೋಬಾಲ್ಟ್ ಆಕ್ಸೈಡಿನ ಧನ ಧ್ರುವ ಕಂಡುಹಿಡಿದರು. 1985ರಲ್ಲಿ ಜಪಾನಿನ ಯೋಶಿನೋ ಅದನ್ನು ಬಳಸಲು ಬರುವ ಬ್ಯಾಟರಿ ಮಾಡಿದರು. ಮೂವರಿಗೂ 2019ರಲ್ಲಿ ನೊಬೆಲ್ ಬಂತು.

ಕಷ್ಟ ಎಲ್ಲಿ: ಕೋಬಾಲ್ಟ್ ಅತಿ ಹೆಚ್ಚು ಸಿಗುವುದು ಆಫ್ರಿಕಾದ ಕಾಂಗೋದಲ್ಲಿ. ಅಲ್ಲಿ ನಮ್ಮ ವಯಸ್ಸಿನ ಮಕ್ಕಳೂ ಗಣಿಯ ಹತ್ತಿರ ಅದಿರು ಆಯುತ್ತಾರೆ, ಹೊರುತ್ತಾರೆ ಎಂದು 2016ರಲ್ಲಿ ಆಮ್ನೆಸ್ಟಿ ಸಂಸ್ಥೆಯ ವರದಿ ತಿಳಿಸಿತು. ನಾವು ಪಾಟಿಚೀಲ ಹೊತ್ತರೆ ಅವರು ಅದಿರಿನ ಚೀಲ ಹೊರುತ್ತಾರೆ.

ಬೇರೆ ದಾರಿ: 1997ರಲ್ಲಿ ಅಮೆರಿಕದ ಟೆಕ್ಸಾಸಿನಲ್ಲಿ ಪಾಧಿ, ನಂಜುಂಡಸ್ವಾಮಿ, ಗುಡ್‌ಇನಫ್ ಸೇರಿ ಕಬ್ಬಿಣ-ಫಾಸ್ಫೇಟಿನ ಧ್ರುವದ ಬಗ್ಗೆ ಪ್ರಕಟಿಸಿದರು. ಅದಕ್ಕೆ ಕೋಬಾಲ್ಟ್ ಬೇಡ. ಅಷ್ಟೇ ತೂಕಕ್ಕೆ ವಿದ್ಯುತ್ ಸ್ವಲ್ಪ ಕಡಿಮೆ ಹಿಡಿಯುತ್ತದೆ. ಆದರೆ ಬೆಂಕಿಯ ಭಯ ಕಡಿಮೆ, ಬಾಳಿಕೆ ಜಾಸ್ತಿ. ಚೀನಾ ಇದನ್ನು ರಾಶಿ ರಾಶಿ ತಯಾರಿಸಿ ಅಗ್ಗ ಮಾಡಿತು.

ವಿದ್ಯೆ ಹಂಚಿಕೊಂಡ ದೇಶಗಳು ಆ ಮಕ್ಕಳ ಹೊರೆಯನ್ನೂ ಹಂಚಿಕೊಳ್ಳಬೇಕು.

ಯೋಚಿಸಿ: ಕೋಬಾಲ್ಟ್ ಬಿಟ್ಟರೆ ಆ ಮಕ್ಕಳ ಮನೆಯ ಕೂಲಿಯೂ ಹೋಗುತ್ತೆ. ಹಾಗಾದರೆ ಅವರನ್ನು ಶಾಲೆಗೆ ಕಳಿಸೋದು ಹೇಗೆ? ಗುರುಗಳ ಜೊತೆ ಚರ್ಚೆ ಮಾಡಿ.