ಅವ್ವನ ದುಡಿಮೆಯನ್ನೂ ಲೆಕ್ಕಕ್ಕೆ ಹಿಡಿ

ಗಂಜಾಂ, ಶ್ರೀರಂಗಪಟ್ಟಣ

ಪ್ರೀತಿಯ ಪುಟ್ಟಿಗೆ,

ನಿನ್ನ ಫೋನಿನ ಕ್ಯಾಲರಿ ಆ್ಯಪ್‌ನಲ್ಲಿ ‘ವ್ಯಾಯಾಮ’ ಅನ್ನೋ ಖಾನೆಗೆ ಏನೇನು ತುಂಬಬೇಕು ಅಂತ ಕೇಳಿದ್ದೀಯ. ಜೊತೆಗೆ ಒಂದು ಪಟ್ಟಿಯನ್ನೂ ಕಳಿಸಿದ್ದೀಯ: ಬೆಳಿಗ್ಗೆ ಮನೆ ಗುಡಿಸಿ ಒರೆಸೋದು, ರಾತ್ರಿ ಹಿಟ್ಟು ತೊಳಸೋದು, ಪಾಂಡವಪುರ ಸ್ಟೇಷನ್ನಿಗೆ ನಡೆಯೋದು, ಮೈಸೂರಿನವರೆಗೆ ರೈಲಿನಲ್ಲಿ ನಿಂತು ಹೋಗೋದು, ಆಫೀಸಿನ ಮೆಟ್ಟಿಲು, ಶನಿವಾರದ ಕರಿಘಟ್ಟ. ಇದೇ ಪ್ರಶ್ನೆ ಇಟ್ಟುಕೊಂಡಿರೋ ನಿನ್ನ ವಯಸ್ಸಿನವರು ನಮ್ಮ ಸೀಮೆಯಲ್ಲಿ ಈಗ ಬೇಕಾದಷ್ಟು ಜನ. ಗೃಹವಿಜ್ಞಾನ ಪಾಠ ಮಾಡಿ ನಿವೃತ್ತಳಾದ ನನಗೆ ಇದು ಫೋನಿನಲ್ಲಿ ಎರಡು ಮಾತಲ್ಲಿ ಹೇಳಿ ಮುಗಿಸೋ ವಿಷಯ ಅನ್ನಿಸಲಿಲ್ಲ. ಅದಕ್ಕೇ ನಿನ್ನ ನೆಪದಲ್ಲಿ ಎಲ್ಲರೂ ಓದುವಂತೆ ಬರೆಯುತ್ತಿದ್ದೇನೆ.

ಪಟ್ಟಿಯಲ್ಲಿ ಕರಿಘಟ್ಟ ಒಂದನ್ನು ಉಳಿಸಿಕೊಂಡು ಮಿಕ್ಕಿದ್ದನ್ನೆಲ್ಲ ಹೊಡೆದುಹಾಕು. ಯಾಕೆ ಅಂತ ಹೇಳ್ತೀನಿ. ಆ್ಯಪ್ ಹಾಕಿಕೊಂಡ ದಿನ ಅದು ನಿನ್ನ ವಯಸ್ಸು, ಎತ್ತರ, ತೂಕ ಕೇಳಿ, ಆಮೇಲೆ ದಿನದ ಓಡಾಟ ಎಷ್ಟು ಅಂತಲೂ ಕೇಳಿರಬೇಕು. ಕೂತೇ ಮಾಡುವ ಕೆಲಸವೋ, ಅಲ್ಪಸ್ವಲ್ಪ ಓಡಾಟವೋ, ಚೆನ್ನಾಗಿ ದುಡಿಯುವ ದಿನವೋ ಅಂತ. ನೀನು ‘ಅಲ್ಪಸ್ವಲ್ಪ’ ಒತ್ತಿದೆ. ಆ ಒಂದು ಗುಂಡಿ ಒತ್ತಿದಾಗಲೇ ಗುಡಿಸೋದು, ಒರೆಸೋದು, ಸ್ಟೇಷನ್ನಿನ ನಡಿಗೆ, ಆಫೀಸಿನ ಮೆಟ್ಟಿಲು ಎಲ್ಲಾ ನಿನ್ನ ದಿನದ ಲೆಕ್ಕಕ್ಕೆ ಸೇರಿಹೋದವು. ಈಗ ಅದನ್ನೇ ವ್ಯಾಯಾಮದ ಖಾನೆಗೂ ಹಾಕಿದರೆ, ಒಂದೇ ಕ್ಯಾನಿನ ಹಾಲನ್ನು ಡೈರಿ ಪುಸ್ತಕದಲ್ಲಿ ಬೆಳಿಗ್ಗೆಗೂ ಸಂಜೆಗೂ ಬರೆದಂತಾಗುತ್ತದೆ. ಅದರ ಮೇಲೆ ಫೋನು ತಾನೇ ಹೆಜ್ಜೆ ಎಣಿಸಿ ಇನ್ನೊಂದಿಷ್ಟು ಸೇರಿಸುತ್ತಿದ್ದರೆ ಮೂರು ಸಲ ಆಯಿತು. ಖಾನೆಗೆ ಬರೆಯಬೇಕಾದ್ದು ರೂಢಿಯ ಮೇಲೆ ಹೊಸದಾಗಿ ಸೇರಿದ್ದು ಮಾತ್ರ.

ಇನ್ನೊಂದು ದಾರಿಯೂ ಇದೆ. ಮೊದಲ ಪ್ರಶ್ನೆಗೆ ‘ಕೂತೇ ಮಾಡುವ ಕೆಲಸ’ ಅಂತ ಒತ್ತಿ, ನಡೆದದ್ದು ಹತ್ತಿದ್ದು ಎಲ್ಲವನ್ನೂ ಒಂದೊಂದಾಗಿ ಬರೆಯೋದು. ಅದೂ ತಪ್ಪಲ್ಲ. ಆದರೆ ದಿನಾ ಅಷ್ಟು ಬರೆಯೋ ತಾಳ್ಮೆ ಯಾರಿಗೂ ಇರಲ್ಲ, ಬರೆಯುವಾಗ ಕೈ ಸ್ವಲ್ಪ ಉದಾರವೂ ಆಗುತ್ತದೆ. ನನ್ನ ಮತ ಮೊದಲನೆಯ ದಾರಿಗೇ. ಯಾವುದನ್ನು ಹಿಡಿದರೂ ಎರಡನ್ನೂ ಬೆರೆಸಬೇಡ.

ರೂಢಿ ಯಾವುದು, ಹೊಸದು ಯಾವುದು ಅನ್ನೋದು ಬದಲಾಗುತ್ತಾ ಇರುತ್ತದೆ. ಸ್ಟೇಷನ್ನಿಗೆ ಆಟೋದಲ್ಲಿ ಹೋಗುತ್ತಿದ್ದವಳು ಈ ತಿಂಗಳಿಂದ ನಡೆಯಲು ಶುರುಮಾಡಿದ್ದರೆ ಅದು ಹೊಸದು, ಧಾರಾಳವಾಗಿ ಬರೆದುಕೋ. ಮೂರು ತಿಂಗಳು ಬಿಡದೆ ನಡೆದರೆ ಅದೇ ರೂಢಿ. ಆಗ ಮೊದಲ ಪ್ರಶ್ನೆಯ ಉತ್ತರವನ್ನು ಸರಿಮಾಡಿ, ಖಾನೆಯಿಂದ ಅದನ್ನು ತೆಗೆದುಬಿಡು. ಕರಿಘಟ್ಟ ಉಳಿಯೋದು ಯಾಕೆಂದರೆ ವಾರಕ್ಕೊಮ್ಮೆ ಗಾಡಿ ರಸ್ತೆ ಬಿಟ್ಟು ಮೆಟ್ಟಿಲಲ್ಲಿ ಏದುಸಿರು ಬಿಡುತ್ತಾ ಹತ್ತುವುದು ನಿನ್ನ ದಿನದ ಓಡಾಟದಲ್ಲಿ ಸೇರಿಲ್ಲ. ರೈಲಿನಲ್ಲಿ ನಿಲ್ಲೋದನ್ನು ಮಾತ್ರ ಯಾವ ದಾರಿಯಲ್ಲೂ ಸೇರಿಸಬೇಡ. ಕಾಲು ನೋಯುತ್ತದೆ ನಿಜ, ಆದರೆ ಕೂತದ್ದಕ್ಕಿಂತ ನಿಂತದ್ದಕ್ಕೆ ದೇಹ ಹೆಚ್ಚು ಸುಡುವುದು ಬಹಳ ಕಡಿಮೆ.

ಈಗ ಅಂಕಿಗೆ ಬರೋಣ. ಇಂಥ ಆ್ಯಪ್‌ಗಳಿಗೆ ಆಧಾರವಾಗುವ ದೊಡ್ಡ ಪಟ್ಟಿಯೊಂದಿದೆ. 1993ರಲ್ಲಿ ಅಮೆರಿಕದ ಬಾರ್ಬರಾ ಏನ್ಸ್‌ವರ್ತ್ ಮತ್ತವರ ಸಂಗಡಿಗರು ಅದನ್ನು ಮೊದಲು ಪ್ರಕಟಿಸಿದರು. 2000, 2011, 2024ರಲ್ಲಿ ತಿದ್ದಿದರು. ಅದರಲ್ಲಿ ಪ್ರತಿ ಕೆಲಸಕ್ಕೂ ‘ಮೆಟ್’ ಅನ್ನೋ ಅಳತೆ ಇದೆ. ಸುಮ್ಮನೆ ಕೂತಾಗ ದೇಹ ಖರ್ಚು ಮಾಡುವುದು 1 ಮೆಟ್, ಅಂದರೆ ಒಂದು ಕಿಲೋ ತೂಕಕ್ಕೆ ಗಂಟೆಗೆ ಸುಮಾರು 1 ಕಿಲೋಕ್ಯಾಲರಿ. ನಿನ್ನ ತೂಕ 60 ಕಿಲೋ. ಗಂಟೆಗಟ್ಟಲೆ ಕೂತರೂ ಗಂಟೆಗೆ 60 ಹೋಗುತ್ತಲೇ ಇರುತ್ತದೆ. ಸ್ವಲ್ಪ ಬಿರುಸಾಗಿ ನಡೆದರೆ ಮೂರೂವರೆ ಮೆಟ್. ಅರ್ಧ ಗಂಟೆಗೆ 105 ಅಂತ ಆ್ಯಪ್ ತೋರಿಸುತ್ತದೆ. ಆದರೆ ನಡೆಯದೆ ಕೂತಿದ್ದರೂ ಆ ಅರ್ಧ ಗಂಟೆಯಲ್ಲಿ 30 ಖರ್ಚಾಗುತ್ತಿತ್ತು. ನಡಿಗೆಯಿಂದ ನಿಜವಾಗಿ ಹೆಚ್ಚಾದದ್ದು 75. ನಮ್ಮ ಆಲೆಮನೆ ಬೆಲ್ಲದಲ್ಲಿ ಅದು ಸುಮಾರು 20 ಗ್ರಾಂ, ಬಾಯಿಗೆ ಹಾಕಿಕೊಳ್ಳುವ ಒಂದು ಚೂರು.

ಹಿಟ್ಟು ತೊಳಸೋದನ್ನು ನೀನು ಸೇರಿಸಿದ್ದು ನೋಡಿ ಖುಷಿಯಾಯಿತು, ಅದು ಸುಲಭದ ಕೆಲಸವಲ್ಲ. ಕುದಿಯುವ ಪಾತ್ರೆಯನ್ನು ನೆಲಕ್ಕಿಳಿಸಿ, ಕವೆಗೋಲನ್ನು ಎರಡೂ ಪಾದದಡಿ ಒತ್ತಿ ಹಿಡಿದು, ದೊಣ್ಣೆಯಲ್ಲಿ ಗಂಟಿಲ್ಲದಂತೆ ತಿರುವುವಾಗ ಭುಜ, ಬೆನ್ನು, ಮುಂಗೈ ಒಟ್ಟಿಗೆ ದುಡಿಯುತ್ತವೆ. ಹಣೆಯಲ್ಲಿ ಬೆವರು ಬರುತ್ತದೆ. ಆದರೆ ಆ ಬೆವರಿನಲ್ಲಿ ಒಲೆಯ ಪಾಲೂ ಇದೆ, ಕೆಲಸವೂ ಹತ್ತು ನಿಮಿಷದ್ದು. ಹೆಚ್ಚೆಂದರೆ 20 ಕಿಲೋಕ್ಯಾಲರಿ. ಅದೇ ಒಂದು ಮುದ್ದೆಗೆ ಹಿಡಿಯುವ ನೂರು ಗ್ರಾಂ ರಾಗಿಹಿಟ್ಟಿನಲ್ಲಿ ಸುಮಾರು 320 ಇರುತ್ತದೆ. ಬೆವರನ್ನೂ ಆಯಾಸವನ್ನೂ ಅಳತೆಗೋಲು ಮಾಡಿಕೊಂಡರೆ ಮೋಸ ಹೋಗುತ್ತೀಯ.

ಕೈಗಡಿಯಾರದ ಅಂಕಿಯನ್ನೂ ಹೆಚ್ಚು ನೆಚ್ಚಬೇಡ. 2017ರಲ್ಲಿ ಸ್ಟ್ಯಾನ್‌ಫರ್ಡ್‌ನವರು ಏಳು ಬಗೆಯ ಕೈಪಟ್ಟಿಗಳನ್ನು ಅರವತ್ತು ಜನರ ಮೇಲೆ ಪರೀಕ್ಷಿಸಿದರು. ಎದೆಬಡಿತವನ್ನು ಬಹುತೇಕ ಸರಿಯಾಗಿ ಹೇಳಿದ ಅವು ಕ್ಯಾಲರಿಯಲ್ಲಿ ಎಡವಿದವು. ಎಲ್ಲಕ್ಕಿಂತ ಚೆನ್ನಾಗಿದ್ದದ್ದೇ ಸರಾಸರಿ ನೂರಕ್ಕೆ 27ರಷ್ಟು ತಪ್ಪಿತ್ತು. ಆ್ಯಪ್ ‘200 ಗಳಿಸಿದೆ’ ಅಂದ ಮಾತ್ರಕ್ಕೆ 200ರ ತಿಂಡಿ ತಿನ್ನೋದು ಬೇಡ. ಎರಡು ಮೂರು ವಾರಕ್ಕೊಮ್ಮೆ ತೂಕ ನೋಡು, ನಿನ್ನ ಲೆಕ್ಕ ಎಷ್ಟು ಸರಿ ಅಂತ ಅದು ಹೇಳುತ್ತದೆ.

ಹಾಗಾದರೆ ದಿನದ ಕೆಲಸಗಳೆಲ್ಲ ದಂಡವೇ ಅಂದುಕೊಳ್ಳಬೇಡ ಕಣವ್ವ. ಕ್ಯಾಲರಿ ಲೆಕ್ಕ ಒಂದು, ಆರೋಗ್ಯದ ಲೆಕ್ಕ ಇನ್ನೊಂದು. ಎರಡನೆಯದರಲ್ಲಿ ಎಲ್ಲವೂ ಸೇರುತ್ತವೆ. 1953ರಲ್ಲಿ ಜೆರಿ ಮಾರಿಸ್ ಎಂಬ ವೈದ್ಯರು ಲಂಡನ್ನಿನ ಡಬಲ್‌ಡೆಕ್ಕರ್ ಬಸ್ಸುಗಳವರನ್ನು ಹೋಲಿಸಿ ನೋಡಿದ್ದನ್ನು ಪ್ರಕಟಿಸಿದರು. ದಿನವಿಡೀ ಕೂತಿರುವ ಡ್ರೈವರುಗಳಿಗಿಂತ, ಟಿಕೆಟ್ ಕೊಡಲು ಮೇಲೆ ಕೆಳಗೆ ಹತ್ತಿ ಇಳಿಯುವ ಕಂಡಕ್ಟರುಗಳಲ್ಲಿ ಹೃದಯದ ಕಾಯಿಲೆ ಕಡಿಮೆ ಇತ್ತು. ಆ ಕಂಡಕ್ಟರುಗಳು ಯಾರೂ ವ್ಯಾಯಾಮ ಮಾಡುತ್ತೇವೆಂದು ಮೆಟ್ಟಿಲು ಹತ್ತಿದವರಲ್ಲ, ಅದು ಅವರ ನೌಕರಿ. ವಿಶ್ವ ಆರೋಗ್ಯ ಸಂಸ್ಥೆ ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಬಿರುಸಿನ ಚಟುವಟಿಕೆ ಬೇಕು ಅನ್ನುತ್ತದೆ. ಒಂದು ಸಲಕ್ಕೆ ಹತ್ತು ನಿಮಿಷವಾದರೂ ಇರಬೇಕು ಅಂತ ಮೊದಲಿದ್ದ ಷರತ್ತನ್ನು 2020ರಲ್ಲಿ ಕೈಬಿಟ್ಟಿತು. ನಿನ್ನ ಸ್ಟೇಷನ್ ನಡಿಗೆ, ಎರಡು ಮಹಡಿಯ ಮೆಟ್ಟಿಲು ಇವೆಲ್ಲ ಆ 150ಕ್ಕೆ ಸಲ್ಲುತ್ತವೆ, ಉಸಿರು ಸ್ವಲ್ಪ ಏರಿದರೆ ಸಾಕು. ಮಾತಾಡಬಹುದು ಆದರೆ ಪದ ಹೇಳಲಾಗದು, ಅಷ್ಟು ಬಿರುಸು. ಜೊತೆಗೆ ವಾರದಲ್ಲಿ ಎರಡು ದಿನ ಸ್ನಾಯುಗಳಿಗೆ ಬಲ ಬರುವ ಕೆಲಸವೂ ಬೇಕು ಅಂತಾರೆ. ಅದು ನಿನ್ನ ಪಟ್ಟಿಯಲ್ಲಿ ಹಿಟ್ಟಿನ ದೊಣ್ಣೆ ಬಿಟ್ಟರೆ ಇಲ್ಲವೇ ಇಲ್ಲ. ಬೈಠಕ್ ಹೊಡೆ, ದಂಡ ತೆಗೆ, ಮನೆಯಲ್ಲೇ ಆಗುತ್ತದೆ.

ನಾಟಿ ಮಾಡುವ ಹೆಂಗಸರು ಪದ ಹೇಳುತ್ತಲೇ ಕೆಲಸ ಮಾಡುತ್ತಾರಲ್ಲ ಅನ್ನಬಹುದು ನೀನು. ಕಾಲುವೆಗೆ ನೀರು ಬಿಟ್ಟ ಮೇಲೆ ನಿಮ್ಮೂರ ಗದ್ದೆ ಬದುವಿನ ಮೇಲೆ ನಿಂತು ಒಂದು ಗಂಟೆ ನೋಡು. ಮೊಣಕಾಲ ಕೆಳಗೆಲ್ಲ ಕೆಸರು, ಎಡಗೈಯಲ್ಲಿ ಪೈರಿನ ಕಟ್ಟು, ಬಲಗೈ ಬೆರಳಲ್ಲಿ ಎರಡು ಮೂರು ಪೈರು ಬಿಡಿಸಿ ಚುಚ್ಚಿ, ಒಂದೊಂದೇ ಹೆಜ್ಜೆ ಹಿಂದಕ್ಕೆ. ಸಾಲು ಮುಗಿಯುವವರೆಗೆ ಸೊಂಟ ನೆಟ್ಟಗಾಗಲ್ಲ. ವರ್ಷಗಟ್ಟಲೆ ಪಳಗಿದ ದೇಹವಾದ್ದರಿಂದ ಉಸಿರು ಕಟ್ಟಲ್ಲ, ಪದವೂ ಬರುತ್ತದೆ. ದೇಹ ಸುಡುವ ಇಂಧನ ಮಾತ್ರ ಅದರಿಂದ ಕಡಿಮೆಯಾಗಲ್ಲ.

ಪುಟ್ಟಿ, ಇಷ್ಟು ಹೇಳಿದ್ದು ನಿನ್ನ ವಿಚಾರ. ನನ್ನ ಮನಸ್ಸು ಇರೋದು ನಿನ್ನವ್ವನ ಮೇಲೆ. ಅವಳ ಫೋನಿಗೂ ಅದೇ ಆ್ಯಪ್ ಹಾಕಿಕೊಟ್ಟೆಯಂತೆ. ಅದು ಕೇಳಿದ್ದಕ್ಕೆ ನನ್ನ ತಂಗಿ ‘ಮನೇಲೇ ಇರ್ತೀನಿ’ ಅಂದಳಂತೆ, ನೀನು ‘ಕೂತೇ ಮಾಡುವ ಕೆಲಸ’ ಒತ್ತಿದೆಯಂತೆ. ಅಲ್ಲಿ ದೊಡ್ಡ ಅನ್ಯಾಯವಾಗಿದೆ. ಕತ್ತಲಿರುವಾಗಲೇ ಕೊಟ್ಟಿಗೆ ಬಾಚಿ, ಹಾಲು ಕರೆದು, ಡೈರಿಗೆ ಹಾಕಿ ಬರುತ್ತಾಳೆ. ಹೊಲದಲ್ಲಿ ಕಳೆ ಕೀಳುತ್ತಾಳೆ, ಬರುವಾಗ ತಲೆ ಮೇಲೆ ಹುಲ್ಲಿನ ಹೊರೆ. ಇದನ್ನು ಮನೆಯಲ್ಲಿರೋದು ಅಂತ ಯಾಕೆ ಕರೆಯುತ್ತೇವೋ ಕಾಣೆ. ನಾನು ಪಾಠ ಮಾಡುತ್ತಿದ್ದ ಪುಸ್ತಕಗಳೂ ಗೃಹಿಣಿಯನ್ನು ಟೀಚರು, ದರ್ಜಿಗಳ ಸಾಲಿನಲ್ಲಿ ಕೂರಿಸಿ, ಕೃಷಿ ಕೂಲಿಯವಳನ್ನು ಮಧ್ಯಮ ದುಡಿಮೆಯ ಸಾಲಿಗೆ ಹಾಕುತ್ತಿದ್ದವು. ಸ್ವಂತ ಹೊಲದಲ್ಲಿ ಕೂಲಿಯವಳಷ್ಟೇ ಬಗ್ಗಿ ದುಡಿಯುವ ಹೆಂಗಸು ಯಾರಾದರೂ ಕೇಳಿದರೆ ತನ್ನನ್ನು ಗೃಹಿಣಿ ಅಂತಲೇ ಹೇಳಿಕೊಳ್ಳುತ್ತಾಳೆ.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2020ರ ಲೆಕ್ಕದಲ್ಲಿ 55 ಕಿಲೋ ತೂಕದ ಹೆಂಗಸು ಕೂತೇ ಮಾಡುವ ಕೆಲಸದವಳಾದರೆ ದಿನಕ್ಕೆ 1660 ಕಿಲೋಕ್ಯಾಲರಿ ಬೇಕು, ಮಧ್ಯಮ ದುಡಿಮೆಯವಳಿಗೆ 2130, ಭಾರಿ ದುಡಿಮೆಯವಳಿಗೆ 2720. ಅವಳದು ಮಧ್ಯಮ ದುಡಿಮೆ ಅಂತ ಹಿಡಿದರೂ, ನೀನು ಒತ್ತಿದ ಒಂದು ಗುಂಡಿಯಿಂದ ನಿನ್ನವ್ವನ ತಟ್ಟೆಯಲ್ಲಿ ದಿನಕ್ಕೆ 470 ಕಡಿಮೆಯಾಯಿತು, ಸುಮಾರು ಒಂದೂವರೆ ಮುದ್ದೆ. ಅದರ ಮೇಲೆ ತೂಕ ಇಳಿಸಬೇಕು ಅಂತ ಇನ್ನಷ್ಟು ಕಳೆದಿದ್ದೀಯ. ನಮ್ಮ ದೇಶದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 57 ಜನರಿಗೆ ರಕ್ತಹೀನತೆ ಇದೆ ಅಂತ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ. ಎಲ್ಲರೂ ಉಂಡ ಮೇಲೆ ಉಣ್ಣುವವಳ ತಟ್ಟೆಯನ್ನು ಹೀಗೆ ಇನ್ನೂ ಬರಿದು ಮಾಡಬಾರದು.

ಅವಳಿಗೆ ‘ವಾಕಿಂಗ್ ಹೋಗವ್ವ’ ಅಂತ ಹೇಳೋದನ್ನೂ ನಿಲ್ಲಿಸು. ಬಿಡುವಿನಲ್ಲಿ ಇಷ್ಟಪಟ್ಟು ಮಾಡುವ ಚಟುವಟಿಕೆ ಹೃದಯಕ್ಕೆ ಕೊಡುವ ಲಾಭವನ್ನು, ದಿನವಿಡೀ ಪುರುಸೊತ್ತಿಲ್ಲದೆ ಎತ್ತುವ ಹೊರುವ ದುಡಿಮೆ ಅಷ್ಟಾಗಿ ಕೊಡುವುದಿಲ್ಲ ಅಂತ ಡೆನ್ಮಾರ್ಕಿನ ಆ್ಯಂಡ್ರಿಯಾಸ್ ಹೋಲ್ಟರ್‌ಮನ್ ಮತ್ತಿತರರು ಬರೆದಿದ್ದಾರೆ. ಅವಳಿಗೆ ಕೊರತೆಯಿರೋದು ಓಡಾಟದ್ದಲ್ಲ, ಬಿಡುವಿನದು. ಬೇಕಾದ್ದು ಮಧ್ಯಾಹ್ನ ಬೆನ್ನು ನೆಲಕ್ಕೆ ತಾಗುವ ಒಂದು ಗಂಟೆ, ಬಸ್ಸಾರಿನ ಜೊತೆ ಇನ್ನಷ್ಟು ಕಾಳು, ಸೊಪ್ಪು, ಮೊಟ್ಟೆ, ಸಂಜೆಯ ಹುಲ್ಲಿನ ಹೊರೆಗೆ ಇನ್ನೊಂದು ತಲೆ. ಭಾನುವಾರ ಆ ಹೊರೆ ನೀನು ಹೊತ್ತು ತಾ. ನಿನ್ನ ಮಟ್ಟಿಗೆ ಅದು ಹೊಸದು, ಖಾನೆಗೆ ಬರೆದುಕೊಳ್ಳಬಹುದು.

ಈ ವಾರವೇ ಅವಳನ್ನು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋಗಿ ಹಿಮೋಗ್ಲೋಬಿನ್ ನೋಡಿಸು. ತೂಕ ಇಳಿಸುವುದು ಬೇಕೋ ಬೇಡವೋ ಡಾಕ್ಟರು ಹೇಳಲಿ. ಅಲ್ಲಿಯವರೆಗೆ ಅವಳ ಆ್ಯಪ್‌ನಲ್ಲಿ ಮೊದಲ ಪ್ರಶ್ನೆಯ ಉತ್ತರ ಬದಲಿಸು. ಗೌರಿ ಹಬ್ಬಕ್ಕೆ ಇಬ್ಬರೂ ಬಂದಾಗ ಅವಳ ಒಂದು ದಿನದ ಕೆಲಸವನ್ನು ಬೆಳಗಿನಿಂದ ರಾತ್ರಿವರೆಗೆ ಅವಳ ಬಾಯಲ್ಲೇ ಹೇಳಿಸಿ ಕಾಗದದ ಮೇಲೆ ಬರೆದು ಕೂಡೋಣ. ನಾನು ಅಳತೆಯ ಪಟ್ಟಿ ತೆಗೆದಿಟ್ಟಿರುತ್ತೇನೆ, ನೀನು ಫೋನ್ ತಾ.

ಇಂತಿ ನಿನ್ನ
ದೊಡ್ಡಮ್ಮ